ವೇಲಾ ಶಬ್ದದ ಮೂರು ಅರ್ಥಗಳೂ ಕಡಲತೀರದ ಶಾಸನಗಳೂ

೧

ಸಮುದ್ರತೀರವು ಯಾರ ಸ್ವತ್ತು, ಅಲ್ಲಿಗೆ ಹೋಗಿಬರುವ ಹಕ್ಕು ಯಾರಿಗುಂಟು, ಆ ತೀರವನ್ನು ಕಾಯುವ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು ನಮ್ಮ ದೇಶದ ಮತ್ತು ನಮ್ಮ ರಾಜ್ಯದ ಶಾಸನಗಳು ಹೇಗೆ ಬಿಡಿಸಿವೆಯೆಂಬುದನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಸಕಲೇಶಪುರದ ಮಲೆಗಳ ನಡುವೆ, ಹೊಂಗಡಹಳ್ಳದಲ್ಲಿ ವಾಸಿಸುವವನು ಕಡಲಿನ ವಿಷಯವನ್ನು ಬರೆಯಹೊರಟುದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣಗಳೆರಡುಂಟು.

ಹಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆಯಂದು ಸಮುದ್ರಸ್ನಾನಕ್ಕಾಗಿ ನಾವು ನಾಲ್ಕೈದು ಮಂದಿ ಘಟ್ಟವಿಳಿದು ದಕ್ಷಿಣ ಕನ್ನಡದ ಒಂದು ತೀರಕ್ಕೆ ಹೋಗಿದ್ದೆವು. ನಮ್ಮ ಹಿರಿಯರು ನಡೆದುಬಂದಿದ್ದ, ತೆಂಗಿನ ತೋಟಗಳ ನಡುವಣ ಕಾಲುದಾರಿಗೆ ಅಡ್ಡಲಾಗಿ ಹೊಸದೊಂದು ಬೇಲಿ ಬಿದ್ದಿತ್ತು. ಬಹುದೂರ ಸುತ್ತಿ ಬಳಸಿ ಮರಳನ್ನು ಮುಟ್ಟಿದೆವು. ಕೆಲವು ವರ್ಷಗಳ ತರುವಾಯ ಅಲ್ಲಿಗೇ ಮತ್ತೊಮ್ಮೆ ಹೋದಾಗ ಬೇಲಿಯಲ್ಲಿ ಕಿಂಡಿ ಬಿಟ್ಟಿದ್ದರು, ದಾರಿಯು ತೆರೆದಿತ್ತು. ಆದರೆ ದಾರಿಯ ಕೊನೆಯಲ್ಲಿ ತೀರವೇ ಇರಲಿಲ್ಲ. ಕಪ್ಪು ಬಂಡೆಗಳ ರಾಶಿಯೂ ಅದಕ್ಕೆ ಬಡಿಯುತ್ತಿದ್ದ ನೀರೂ ಮಾತ್ರ ಕಂಡುವು. ಮೀನುಗಾರರ ಹುಡುಗನೊಬ್ಬನು ಬಂಡೆಗಳ ಮೇಲಿಂದ ಇಳಿದು ತಂಬಿಗೆಯಲ್ಲಿ ನೀರು ತಂದುಕೊಟ್ಟನು. ನಮ್ಮೊಡನಿದ್ದ ವೃದ್ಧರು ಅದನ್ನೇ ತಲೆಗೆ ಪ್ರೋಕ್ಷಿಸಿಕೊಂಡು ಹಿಂದಿರುಗಿದರು. ಮೊದಲನೆಯ ಸಲ ಹಕ್ಕಿಗೆ ಅಡ್ಡಿ ಬಂದಿತ್ತು. ಎರಡನೆಯ ಸಲ ಹಕ್ಕು ಉಳಿದಿತ್ತು, ಹಕ್ಕಿನ ವಿಷಯವಾದ ವಸ್ತುವು ಹೋಗಿತ್ತು. ಇದು ಒಂದು ಕಾರಣ.

ಎರಡನೆಯ ಕಾರಣವು ನಮ್ಮೂರಿನ ನೆಲದ ಇಳಿಜಾರಿಗೆ ಸಂಬಂಧಿಸಿದುದು. ಸಕಲೇಶಪುರದ ಮಲೆಗಳು ಎರಡು ಇಳುಕಲಿನ ಮನೆಯ ಮಾಡಿನಂತಿವೆ. ಪೂರ್ವದ ಇಳುಕಲಿಗೆ ಬಿದ್ದ ಮಳೆಯು ಹೇಮಾವತಿಯನ್ನೂ ಕಾವೇರಿಯನ್ನೂ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮದ ಇಳುಕಲಿಗೆ ಬಿದ್ದುದು ಎತ್ತಿನಹೊಳೆ, ಕೇರಿಹೊಳೆ, ಕಾಡುಮನೆಹೊಳೆ, ಹೊಂಗಡಹಳ್ಳ ಮೊದಲಾದ ತೊರೆಗಳಾಗಿ ಗುಂಡ್ಯದ ಕಡೆಗೆ ಇಳಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನ ಅಳಿವೆಯಲ್ಲಿ ಪಶ್ಚಿಮ ಸಮುದ್ರಕ್ಕೆ ಸಲ್ಲುತ್ತದೆ. ನೀರಿನೊಡನೆ ಮರಳೂ ಇಳಿಯುವುದಷ್ಟೆ. ಆದುದರಿಂದ ಕಡಲತೀರದ ಮಾತು ನಮ್ಮ ಹಳ್ಳದ ಮಾತೂ ಆಗಿರುತ್ತದೆ. ಇದನ್ನು ಲೇಖನದ ಕೊನೆಯ ಭಾಗದಲ್ಲಿ ವಿಶದಪಡಿಸುವೆವು.

೨

ಸಂಸ್ಕೃತದಲ್ಲಿ ಕಡಲಂಚಿಗೆ ವೇಲಾ ಎಂಬ ಶಬ್ದವು ಪ್ರಸಿದ್ಧವಾಗಿದೆ. ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಈ ಶಬ್ದಕ್ಕೆ ಮೂರು ಅರ್ಥಗಳನ್ನು ಹೇಳುತ್ತಾನೆ: ಸಮುದ್ರಜಲದ ವಿಕಾರ, ಎಂದರೆ ಉಬ್ಬರವಿಳಿತ, ಕಾಲ, ಮರ್ಯಾದೆ, ಎಂದರೆ ಎಲ್ಲೆ. ಕನ್ನಡದಲ್ಲಿ ‘ವೇಳೆ’ ಎಂಬ ತದ್ಭವವು ಕಾಲವೆಂಬ ಅರ್ಥವನ್ನು ಮಾತ್ರ ಉಳಿಸಿಕೊಂಡಿದೆ. ‘ಮರ್ಯಾದೆ’ಯೋ ಎಲ್ಲೆಯನ್ನು ಬಹುಮಟ್ಟಿಗೆ ಬಿಟ್ಟು ಸೌಜನ್ಯದಲ್ಲಿ ನಿಂತಿದೆ. ಆದರೆ ಕಡಲತೀರವನ್ನು ಕುರಿತ ಯಾವ ಶಾಸನವನ್ನು ತೆಗೆದುಕೊಂಡರೂ ಈ ಮೂರು ಅರ್ಥಗಳೂ ಅದರಲ್ಲಿ ಒಟ್ಟಿಗೆ ಬಂದೇ ಬರುತ್ತವೆ. ಉಬ್ಬರವು ಎಲ್ಲಿಯವರೆಗೆ ಏರುವುದೋ ಅಲ್ಲಿ ಎಲ್ಲೆಯನ್ನು ಗೆರೆಯೆಳೆಯಬೇಕು. ಆ ಎಲ್ಲೆಯೋ ಕಾಲದಿಂದ ಕಾಲಕ್ಕೆ ಕದಲುವುದು. ಶಾಸನಕರ್ತರ ಕಷ್ಟವೆಲ್ಲವೂ ಈ ಒಂದು ಶಬ್ದದಲ್ಲಿ ಅಡಗಿದೆಯೆನ್ನಬಹುದು.

ಪ್ರಾಚೀನರು ಕಡಲಂಚನ್ನು ಅರಸನ ಆಡಳಿತದ ಹೊರಗೆ ಬಿಟ್ಟಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯು ಸಮುದ್ರಯಾನವನ್ನೂ ನದೀಮುಖಗಳನ್ನೂ ನೋಡಿಕೊಳ್ಳತಕ್ಕವನು. ತೀರದ ಗ್ರಾಮಗಳು ಗೊತ್ತುಪಡಿಸಿದ ಕಂದಾಯವನ್ನು ಕೊಡಬೇಕೆಂದೂ, ಮೀನುಗಾರರು ದೋಣಿಯ ಬಾಡಿಗೆಯಾಗಿ ಆರನೆಯ ಒಂದು ಪಾಲನ್ನು ಸಲ್ಲಿಸಬೇಕೆಂದೂ ಅಲ್ಲಿ ವಿಧಿಯುಂಟು. ಮನುಸ್ಮೃತಿಯು ನದಿಯ ದೋಣಿಗೆ ದೇಶಕಾಲಾನುಸಾರವಾಗಿ ಕೂಲಿಯನ್ನು ಹೇಳಿ, ಸಮುದ್ರದಲ್ಲಿ ಅಂಥ ನಿಯತವಾದ ಲಕ್ಷಣವಿಲ್ಲವೆಂದು ಬಿಡುತ್ತದೆ. ಇವುಗಳಲ್ಲಿ ಕರದ ವಿಚಾರವುಂಟು, ಕೂಲಿಯ ವಿಚಾರವುಂಟು. ತೀರದಲ್ಲಿ ನಡೆದಾಡುವ ಹಕ್ಕಿನ ವಿಚಾರವಿಲ್ಲ. ಯಾರೂ ತಡೆಯದೆ ಇದ್ದ ಕಾಲದಲ್ಲಿ ಆ ಹಕ್ಕನ್ನು ವಿಧಿಸಬೇಕಾದ ಪ್ರಸಕ್ತಿಯೇ ಬರುವುದಿಲ್ಲ. ಪ್ರಾಪ್ತಿಯಿದ್ದಲ್ಲಿ ವಿಧಿಯು ಅನಪೇಕ್ಷಿತವೆಂಬುದು ಮೀಮಾಂಸಕರ ಮತ.

ರೋಮಕರ ಧರ್ಮಶಾಸ್ತ್ರದಲ್ಲಿ ಮಾತ್ರ ಈ ಹಕ್ಕು ಕಂಠೋಕ್ತವಾಗಿದೆ. ಕ್ರಿ. ಶ. ೫೩೩ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ಸಂಹಿತೆಯು ವಾಯು, ಹರಿಯುವ ನೀರು, ಸಮುದ್ರ, ಸಮುದ್ರತೀರ ಇವುಗಳನ್ನು ಎಲ್ಲರಿಗೂ ಸಾಧಾರಣವಾದ ವಸ್ತುಗಳೆಂದು ಎಣಿಸಿ, ಚಳಿಗಾಲದ ಅತ್ಯಂತ ದೊಡ್ಡ ಅಲೆಯು ಎಲ್ಲಿಯವರೆಗೆ ಬರುವುದೋ ಅಲ್ಲಿಯವರೆಗೂ ತೀರವೇ ಎಂದು ಲಕ್ಷಣವನ್ನು ಹೇಳಿತು. ಹರಿಯುವ ನೀರನ್ನೂ ತೀರವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿರುವುದನ್ನು ವಾಚಕರು ಗಮನಿಸಬೇಕಾಗಿ ಪ್ರಾರ್ಥನೆ.

೩

ಇನ್ನು ನಮ್ಮ ರಾಜ್ಯದ ಶಾಸನವನ್ನು ನೋಡೋಣ. ಇಂದಿನ ಕರ್ನಾಟಕದ ಕರಾವಳಿಯು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಕ್ಕು ಹಬ್ಬಿದೆ. ೧೯೫೬ಕ್ಕೆ ಮುಂಚೆ ಇದು ಒಂದೇ ಆಡಳಿತದಲ್ಲಿರಲಿಲ್ಲ. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೂ, ಉಡುಪಿಯನ್ನೊಳಗೊಂಡಿದ್ದ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೂ ಸೇರಿದ್ದುವು. ಹಾಸನವಿದ್ದ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಮುಂಬಯಿಯ ೧೮೭೯ರ ಭೂಕಂದಾಯ ಸಂಹಿತೆಯೂ ಮದರಾಸಿನ ೧೯೦೫ರ ಒತ್ತುವರಿ ಶಾಸನವೂ ಉಬ್ಬರರೇಖೆಯಿಂದ ಕೆಳಗಿನ ಸಮುದ್ರದ ತಳವು ಸರ್ಕಾರದ್ದೆಂದು ಬೇರೆಬೇರೆಯಾಗಿ ಘೋಷಿಸಿದ್ದುವು. ರಾಜ್ಯವು ಏಕೀಕರಣವಾದ ಮೇಲೆ ಇವುಗಳ ಸ್ಥಾನದಲ್ಲಿ ೧೯೬೪ರ ಭೂಕಂದಾಯ ಅಧಿನಿಯಮವು ಬಂದಿತು.

ಆ ಅಧಿನಿಯಮದ ೬೭ನೆಯ ಪ್ರಕರಣವು ಈ ವಿಷಯಕ್ಕೆ ಮೂಲ. ಸಾರ್ವಜನಿಕ ರಸ್ತೆಗಳು, ಓಣಿಗಳು, ಕಾಲುದಾರಿಗಳು, ಸೇತುವೆಗಳು. ಉಬ್ಬರರೇಖೆಯಿಂದ ಕೆಳಗಿರುವ ಸಮುದ್ರ, ಬಂದರು, ಕೋವೆಗಳ ತಳ. ನದಿ, ತೊರೆ, ಹಳ್ಳ, ಕೆರೆಗಳ ತಳ. ನಿಂತ ಮತ್ತು ಹರಿಯುವ ನೀರೆಲ್ಲವೂ—ವ್ಯಕ್ತಿಗಳ ಹಕ್ಕು ಸಿದ್ಧವಾಗಿರುವಷ್ಟನ್ನು ಬಿಟ್ಟು—ರಾಜ್ಯ ಸರ್ಕಾರದ ಸ್ವತ್ತೆಂಬುದು ಅದರ ತಾತ್ಪರ್ಯ. ಕಾಲುದಾರಿ, ಕಡಲತಳ, ಹಳ್ಳದ ತಳ ಈ ಮೂರೂ ಒಂದೇ ವಾಕ್ಯದಲ್ಲಿ ಬಂದಿವೆ. ಮುಂದಿನ ೬೮ನೆಯ ಪ್ರಕರಣವು, ಸಾರ್ವಜನಿಕರಿಗೆ ಬೇಡವಾದ ದಾರಿಯ ಮೇಲಣ ಹಕ್ಕುಗಳನ್ನು ಅಧಿಕಾರಿಯು ಮುಂಚಿತವಾಗಿ ತಿಳಿವಳಿಕೆಯನ್ನು ಹೊರಡಿಸಿ, ಆಕ್ಷೇಪಣೆಗಳನ್ನು ವಿಚಾರಿಸಿ, ಆ ಬಳಿಕವೇ ರದ್ದುಪಡಿಸಬಹುದೆನ್ನುತ್ತದೆ. ೧೯೬೬ರ ಭೂಕಂದಾಯ ನಿಯಮಗಳ ಮೇರೆಗೆ, ಒಬ್ಬನ ಸರ್ವೆ ನಂಬರಿನೊಳಗೆ ರಸ್ತೆಯಾಗಲಿ, ಮಾನ್ಯವಾದ ಕಾಲುದಾರಿಯಾಗಲಿ, ಇತರರು ಬಳಸುವ ತೊರೆಯಾಗಲಿ ಇದ್ದರೆ ಅಷ್ಟು ನೆಲಕ್ಕೆ ಕಂದಾಯವಿಲ್ಲ. ಅದು ‘ಬಿ’ ಖರಾಬು. ಕಂದಾಯವಿಲ್ಲದ ಆ ನೆಲವು ಪಹಣಿಯಲ್ಲಿ ಸೊನ್ನೆಯಂತೆ ಕಂಡರೂ ಸಾರ್ವಜನಿಕರ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಕಡಲಿಗೆ ಹೋಗುವ ಹಳೆಯ ದಾರಿಗಳಲ್ಲಿ ಯಾವುವು ನಕಾಶೆಯಲ್ಲಿ ಕಾಣುವುವೋ ಅವುಗಳಿಗೆ ಇದು ಸಾಕಷ್ಟು ಬಲವಾದ ರಕ್ಷೆ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ತೀರವು ಸರ್ಕಾರದ ಸ್ವತ್ತಾದರೆ, ಸ್ವಾಮಿಯಾದ ಸರ್ಕಾರವು ಅದನ್ನು ಯಾರಿಗಾದರೂ ಕೊಡಬಹುದಲ್ಲವೆ? ಗುತ್ತಿಗೆಗೆ ಬಿಟ್ಟು ಜನರನ್ನು ಹೊರಗಿಡಬಹುದಲ್ಲವೆ? ಈ ಆಕ್ಷೇಪಕ್ಕೆ ಸಮಾಧಾನವು ಕಡಲಿನ ವ್ಯಾಜ್ಯದಲ್ಲಲ್ಲ, ಬೆಟ್ಟದ ನದಿಯೊಂದರ ವ್ಯಾಜ್ಯದಲ್ಲಿ ದೊರೆಯಿತು. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ದಡದ ಒಂದು ಹೋಟೆಲಿನ ಸಲುವಾಗಿ ನದಿಯ ಪ್ರವಾಹವನ್ನೇ ತಿರುಗಿಸಿದ್ದ ಪ್ರಸಂಗದಲ್ಲಿ, ೧೯೯೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಎಂ. ಸಿ. ಮೆಹ್ತಾ ಮತ್ತು ಕಮಲನಾಥರ ನಡುವಣ ಮೊಕದ್ದಮೆಯೆಂದು ಅದು ಪ್ರಸಿದ್ಧ. ಸಮುದ್ರತೀರ, ಹರಿಯುವ ನೀರು, ವಾಯು, ಅರಣ್ಯ ಇವುಗಳಿಗೆ ಸರ್ಕಾರವು ಒಡೆಯನಲ್ಲ, ಜನರ ಪರವಾಗಿ ಕಾಯುವ ನಿಕ್ಷೇಪಧಾರಿ. ಈ ಸಾರ್ವಜನಿಕ ನ್ಯಾಸದ ತತ್ತ್ವವು ನಮ್ಮ ದೇಶದ ನ್ಯಾಯದ ಭಾಗವೇ ಆಗಿದೆಯೆಂದು ಅಲ್ಲಿ ನಿರ್ಣಯವಾಯಿತು. ನಿಕ್ಷೇಪವನ್ನು ಇಟ್ಟುಕೊಂಡವನು ಅದನ್ನು ತನ್ನದೆಂದು ಬಗೆದು ವ್ಯಯಮಾಡಲಾಗದೆಂಬುದನ್ನು ನಮ್ಮ ಸ್ಮೃತಿಕಾರರೂ ವ್ಯವಹಾರಪದಗಳಲ್ಲಿ ಒಂದಾಗಿ ವಿಸ್ತರಿಸಿರುವರು. ಆದುದರಿಂದ ೬೭ನೆಯ ಪ್ರಕರಣದ ಸ್ವತ್ತೆಂಬ ಮಾತನ್ನು ನಿಕ್ಷೇಪವೆಂಬ ಅರ್ಥದಲ್ಲಿ ಗ್ರಹಿಸತಕ್ಕದ್ದು.

೪

ಸ್ವತ್ತಿನ ಪ್ರಶ್ನೆಯು ರಾಜ್ಯದ ಶಾಸನಕ್ಕೆ ಸೇರಿದರೆ, ತೀರದ ರಕ್ಷಣೆಯ ಪ್ರಶ್ನೆಯು ಮುಖ್ಯವಾಗಿ ಕೇಂದ್ರದ ಶಾಸನಕ್ಕೆ ಸೇರುತ್ತದೆ. ೧೯೮೧ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರರೇಖೆಯಿಂದ ೫೦೦ ಮೀಟರುಗಳವರೆಗೆ ಕಟ್ಟಡಗಳನ್ನು ಕಟ್ಟಗೊಡದಂತೆ ಸೂಚಿಸಿದರು. ಹತ್ತು ವರ್ಷಗಳ ಬಳಿಕ, ೧೯೮೬ರ ಪರಿಸರ ಸಂರಕ್ಷಣಾ ಅಧಿನಿಯಮದ ಮೇರೆಗೆ ೧೯೯೧ರ ಫೆಬ್ರುವರಿ ೧೯ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಹೊರಟಿತು. ಅದರ ಬದಲಿಗೆ ೨೦೧೧ರ ಜನವರಿ ೬ರಂದು ಒಂದೂ, ೨೦೧೯ರ ಜನವರಿ ೧೮ರಂದು ಮತ್ತೊಂದೂ ಬಂದುವು. ಜನರ ಬಾಯಲ್ಲಿ ಸಿ.ಆರ್.ಝಡ್. ಎಂದು ಬಳಕೆಯಲ್ಲಿರುವುದು ಇದೇ.

ಇವುಗಳಿಗೆಲ್ಲ ಆಧಾರಭೂತವಾದುದು ಉಬ್ಬರರೇಖೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಆಕರ್ಷಣೆಯು ಒಂದುಗೂಡುವುದರಿಂದ ಉಬ್ಬರವು ಅಧಿಕವಾಗುತ್ತದೆ. ಆ ಪರ್ವಕಾಲದ ಉಬ್ಬರದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಏರುವುದೋ ಅದೇ ಶಾಸನೋಕ್ತವಾದ ರೇಖೆ. ನಮ್ಮವರು ಸಮುದ್ರಸ್ನಾನಕ್ಕೆ ಆರಿಸಿಕೊಂಡ ದಿನಗಳೇ ಶಾಸನವು ಎಲ್ಲೆಯನ್ನು ಅಳೆಯಲು ಆರಿಸಿಕೊಂಡ ದಿನಗಳೂ ಆಗಿರುವುದು ಯಾದೃಚ್ಛಿಕವಾದರೂ ಸ್ಮರಣೀಯ.

ಈ ರೇಖೆಯಿಂದ ಒಳನಾಡಿನ ಕಡೆಗೆ ೫೦೦ ಮೀಟರುಗಳವರೆಗಿನ ನೆಲವನ್ನು ವರ್ಗಗಳಾಗಿ ವಿಂಗಡಿಸಿರುವರು. ಕಾಂಡ್ಲಾಕಾಡು, ಮರಳದಿಬ್ಬ, ಆಮೆಗಳು ಮೊಟ್ಟೆಯಿಡುವ ತಾಣ ಮೊದಲಾದ ಸೂಕ್ಷ್ಮಸ್ಥಳಗಳೂ ಉಬ್ಬರವಿಳಿತಗಳ ನಡುವಣ ನೆಲವೂ ಮೊದಲನೆಯ ವರ್ಗ, ಕಟ್ಟಡಗಳು ತೀರದವರೆಗೂ ಬೆಳೆದಿರುವ ಪಟ್ಟಣಪ್ರದೇಶವು ಎರಡನೆಯದು, ಗ್ರಾಮಪ್ರದೇಶವು ಮೂರನೆಯದು, ಜಲಪ್ರದೇಶವು ನಾಲ್ಕನೆಯದು. ಮೂರನೆಯ ವರ್ಗದಲ್ಲಿ ರೇಖೆಯಿಂದ ೨೦೦ ಮೀಟರುಗಳೊಳಗೆ ಹೊಸ ಕಟ್ಟಡವು ಕೂಡದೆಂಬುದು ೧೯೯೧ರ ನಿಯಮ. ೨೦೧೯ರ ಅಧಿಸೂಚನೆಯು ಈ ವರ್ಗವನ್ನು ಎರಡಾಗಿ ಒಡೆದು, ೨೦೧೧ರ ಜನಗಣತಿಯಂತೆ ಚದರ ಕಿಲೋಮೀಟರಿಗೆ ೨,೧೬೧ಕ್ಕಿಂತ ಹೆಚ್ಚು ಜನರಿರುವ ಗ್ರಾಮಗಳಲ್ಲಿ, ತೀರನಿರ್ವಹಣೆಯ ಯೋಜನೆಯು ಮಂಜೂರಾದ ಬಳಿಕ, ಆ ೨೦೦ನ್ನು ೫೦ಕ್ಕೆ ಇಳಿಸಿತು. ಉಪ್ಪುನೀರು ಏರುವ ನದಿಗಳ ದಡಗಳಲ್ಲಿ ಮೊದಲಿದ್ದ ೧೦೦ ಮೀಟರುಗಳ ಅಳತೆಯೂ ೫೦ಕ್ಕೆ ಇಳಿಯಿತು. ೧೯೯೪ರ ತಿದ್ದುಪಡಿಯೊಂದು ನದಿಗಳ ವಿಷಯದಲ್ಲಿ ಇದೇ ಇಳಿಕೆಯನ್ನು ಮಾಡಿದ್ದಾಗ ೧೯೯೬ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತ್ತೆಂಬುದು ಇಲ್ಲಿ ಜ್ಞಾಪಿಸಿಕೊಳ್ಳತಕ್ಕ ಸಂಗತಿ.

ಜನಪ್ರವೇಶದ ವಿಷಯಕ್ಕೆ ಬಂದರೆ, ಅದರ ವಿಧಿಯು ಅಧಿಸೂಚನೆಯ ಮುಖ್ಯಭಾಗದಲ್ಲಿಲ್ಲ. ತೀರದ ಹೋಟೆಲುಗಳಿಗೆ ವಿಧಿಸಿದ ನಿಬಂಧನೆಗಳ ಅನುಬಂಧದಲ್ಲಿದೆ. ಎರಡು ಹೋಟೆಲುಗಳ ನಡುವೆ ಜನರು ತೀರಕ್ಕೆ ಹೋಗಲು ಕನಿಷ್ಠ ೨೦ ಮೀಟರು ಅಗಲದ ತೆರವನ್ನು ಬಿಡಬೇಕು, ಬೇಲಿಯು ಸಾರ್ವಜನಿಕರ ಪ್ರವೇಶಕ್ಕೆ ಯಾವ ವಿಧದಲ್ಲಿಯೂ ಅಡ್ಡಿಯಾಗಬಾರದು, ಮರಳದಿಬ್ಬಗಳನ್ನು ಮಟ್ಟಮಾಡಕೂಡದು. ಹೋಟೆಲೂ ಅಲ್ಲದ, ನಕಾಶೆಯಲ್ಲಿಯೂ ಕಾಣದ ತೋಟದ ನಡುವಣ ಹಳೆಯ ದಾರಿಯು ಈ ವಿಧಿಗೂ ಕಂದಾಯದ ನಿಯಮಕ್ಕೂ ನಡುವಣ ಸಂದಿಯಲ್ಲಿ ಬೀಳುತ್ತದೆ. ಅದಕ್ಕೆ ರೂಢಿಯಿಂದ ಬಂದ ಹಕ್ಕನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಕ್ಷ್ಯಗಳಿಂದ ಸ್ಥಾಪಿಸಬೇಕಾಗುತ್ತದೆ. ಮೀನು ಒಣಗಿಸುವ ಹೆಂಗಸೂ ಪರ್ವಸ್ನಾನಕ್ಕೆ ಬಂದ ಯಾತ್ರಿಕನೂ ಅಷ್ಟು ದೂರ ಹೋಗುವರೆಂದು ನಿರೀಕ್ಷಿಸಲಾಗದು.

ತೀರಪ್ರವೇಶವೆಂದರೆ ವಿಹಾರವೊಂದೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಕರಾವಳಿಯ ರಂಪಣಿಬಲೆಯ ಮೀನುಗಾರಿಕೆಯನ್ನು ನೋಡಿದವರಿಗೆ ಇದು ಗೊತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಇಳಿಸಿ, ಅದರ ಎರಡು ತುದಿಗಳ ಹಗ್ಗಗಳನ್ನು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯಬೇಕು. ಅದಕ್ಕೆ ಉದ್ದವಾದ, ತಡೆಯಿಲ್ಲದ ಮರಳದಂಡೆಯೇ ಸಾಧನ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿಯು ಕ್ಷೀಣಿಸಿತು; ಆದರೂ ಸಣ್ಣ ದೋಣಿಯನ್ನು ಎಳೆದಿಡಲು, ಬಲೆಯನ್ನು ಹರವಲು, ಮೀನನ್ನು ಒಣಗಿಸಲು ಇಂದಿಗೂ ಮರಳೇ ಬೇಕು. ೨೦೨೦ರಲ್ಲಿ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಈ ಎರಡು ತೀರಗಳಿಗೆ ಅಂತಾರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮನ್ನಣೆಯು ದೊರೆಯಿತು. ಶುಚಿತ್ವವೂ ಸುರಕ್ಷತೆಯೂ ಅದರಿಂದ ಹೆಚ್ಚಿದರೆ ಸಂತೋಷವೇ. ಆದರೆ ವಿಹಾರಿಗಳಿಗೆ ಸಜ್ಜುಗೊಳಿಸಿದ ತೀರವು ಬಲೆಯವರಿಗೂ ತೆರೆದಿರುವಂತೆ ನೋಡಿಕೊಳ್ಳುವುದು ನಿಕ್ಷೇಪಧಾರಿಯ ಕರ್ತವ್ಯ.

೫

ತೀರಕ್ಕೆ ಹೋಗುವ ಹಕ್ಕನ್ನೇ ವಿಷಯವಾಗಿಟ್ಟುಕೊಂಡ ಶಾಸನಗಳು ಅಮೆರಿಕದ ಕೆಲವು ರಾಜ್ಯಗಳಲ್ಲಿವೆ. ಆರಿಗನ್ ರಾಜ್ಯವು ೧೯೧೩ರಲ್ಲಿಯೇ ತನ್ನ ಕಡಲತೀರವನ್ನು ಸಾರ್ವಜನಿಕ ಹೆದ್ದಾರಿಯೆಂದು ಘೋಷಿಸಿತು. ಒಬ್ಬ ಹೋಟೆಲಿನವನು ಒಣಮರಳಿನ ಭಾಗಕ್ಕೆ ಬೇಲಿ ಹಾಕಿದಾಗ ಜನರು ಕೆರಳಿ, ಸಸ್ಯಗಳು ಬೆಳೆಯುವ ರೇಖೆಯವರೆಗೂ ಸಾರ್ವಜನಿಕರ ಬಳಕೆಯ ಹಕ್ಕನ್ನು ಮಾನ್ಯಮಾಡುವ ಶಾಸನವು ೧೯೬೭ರಲ್ಲಿ ಹುಟ್ಟಿತು. ಟೆಕ್ಸಾಸ್ ರಾಜ್ಯದ ಇಂಥ ಶಾಸನವು ೧೯೫೯ರದು, ಕ್ಯಾಲಿಫೋರ್ನಿಯದ್ದು ೧೯೭೬ರದು.

ಇವುಗಳಲ್ಲಿ ಟೆಕ್ಸಾಸಿನ ಚರಿತ್ರೆಯು ನಮಗೆ ಬೋಧಪ್ರದವಾಗಿದೆ. ಸಮುದ್ರವು ನೆಲವನ್ನು ನುಂಗಿ ತೀರವು ಹಿಂದೆ ಸರಿದರೆ ಜನರ ಹಕ್ಕೂ ಅದರೊಡನೆ ಹಿಂದಕ್ಕೆ ಸರಿಯುತ್ತದೆಯೆಂದು ಅಲ್ಲಿ ಬಹುಕಾಲ ಭಾವಿಸಿದ್ದರು. ೨೦೧೨ರಲ್ಲಿ ಆ ರಾಜ್ಯದ ಉಚ್ಚತಮ ನ್ಯಾಯಾಲಯವು, ತೀರವು ಮೆಲ್ಲಮೆಲ್ಲನೆ ಸವೆದು ಸರಿದರೆ ಹಕ್ಕೂ ಸರಿಯುವುದು, ಬಿರುಗಾಳಿಯಿಂದ ಒಮ್ಮೆಗೇ ಕೊಚ್ಚಿಹೋದರೆ ಹಿಂದಿನ ಖಾಸಗಿ ನೆಲದ ಮೇಲೆ ಹಕ್ಕು ತಾನಾಗಿಯೇ ಏರದು ಎಂದು ಭೇದವನ್ನು ಕಲ್ಪಿಸಿತು. ಎಂದರೆ ವೇಲಾ ಶಬ್ದದ ಕಾಲವೆಂಬ ಅರ್ಥವು ಮರ್ಯಾದೆಯೆಂಬ ಅರ್ಥವನ್ನು ಎದುರಿಸಿತು. ಎಲ್ಲೆಯು ಚಲಿಸುವುದಾದರೆ ಹಕ್ಕು ಚಲಿಸುವುದೋ ಇಲ್ಲವೋ ಎಂಬ ಈ ಪ್ರಶ್ನೆಯು ನಮ್ಮ ತೀರಗಳಲ್ಲಿಯೂ ಬಾಗಿಲಿಗೆ ಬಂದು ನಿಂತಿದೆ.

೬

ನಮ್ಮ ಪಶ್ಚಿಮ ತೀರದಲ್ಲಿ ಮರಳು ಸ್ವಭಾವತಃ ಸಂಚಾರಿ. ಆಷಾಢ ಶ್ರಾವಣಗಳ ಅಲೆಗಳು ದಂಡೆಯ ಮರಳನ್ನು ಸೆಳೆದುಕೊಂಡು ಕೊಂಚ ದೂರದಲ್ಲಿ ನೀರೊಳಗಿನ ದಿಣ್ಣೆಯಾಗಿ ಇಡುತ್ತವೆ. ಮಳೆಗಾಲವು ಕಳೆದ ಮೇಲೆ ಮೃದುವಾದ ಅಲೆಗಳು ಅದನ್ನೇ ಮತ್ತೆ ದಡಕ್ಕೆ ತಂದು ಹರಡುತ್ತವೆ. ಮಾಘದಲ್ಲಿ ಕಂಡ ತೀರವನ್ನು ಆಷಾಢದಲ್ಲಿ ಗುರುತಿಸಲಾಗದು. ಇದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಆದರೆ ಹೋದಷ್ಟು ಬಾರದಿದ್ದರೆ ಅದು ಕೊರೆತವೆನಿಸುತ್ತದೆ. ೧೯೯೦ರಿಂದ ೨೦೧೮ರವರೆಗಿನ ತೀರರೇಖೆಯನ್ನು ಹೋಲಿಸಿನೋಡಿದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ದೇಶದ ತೀರದಲ್ಲಿ ಸುಮಾರು ಮೂರರಲ್ಲೊಂದು ಭಾಗವೂ ಕರ್ನಾಟಕದ ತೀರದಲ್ಲಿ ಸುಮಾರು ನಾಲ್ಕರಲ್ಲೊಂದು ಭಾಗವೂ ಕೊರೆತಕ್ಕೆ ಒಳಗಾಗಿರುವುದಾಗಿ ಕಂಡರು.

ನೇತ್ರಾವತಿಯ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ದಶಕಗಳಿಂದ ಮನೆಗಳೂ ತೆಂಗುಗಳೂ ಕಡಲುಪಾಲಾಗುತ್ತ ಬಂದಿವೆ. ಹಡಗುದಾರಿಗಾಗಿ ಅಳಿವೆಯ ಬಾಯಲ್ಲಿ ಕಟ್ಟಿದ ಕಲ್ಲಿನ ಅಲೆತಡೆಗಳು ದಡದುದ್ದಕ್ಕೆ ಸಾಗುವ ಮರಳಿನ ನಡೆಯನ್ನು ಮಾರ್ಪಡಿಸುತ್ತವೆ. ಒಂದು ಪಕ್ಕದಲ್ಲಿ ಮರಳು ಕೂಡುವಾಗ ಇನ್ನೊಂದು ಪಕ್ಕದಲ್ಲಿ ಕಳೆಯುತ್ತದೆ. ಬಂಡೆಗಳನ್ನು ಸುರಿದು ಗೋಡೆಯನ್ನು ಕಟ್ಟಿದರೆ ಹಿಂದಿನ ಮನೆಯು ಉಳಿದೀತು, ಮುಂದಿನ ಮರಳು ಉಳಿಯುವುದು ಕಷ್ಟ. ಗೋಡೆಗೆ ಬಡಿದ ಅಲೆಯು ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನೇ ತೋಡುತ್ತದೆ. ಈ ಕಾರಣದಿಂದಲೇ ೨೦೧೦ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಉಳ್ಳಾಲದಲ್ಲಿ ಅಲೆಯ ಬಲವನ್ನು ದೂರದಲ್ಲಿಯೇ ಮುರಿಯುವ ನೀರೊಳಗಿನ ದಿಬ್ಬಗಳನ್ನು ನಿರ್ಮಿಸಿದರು.

ಇಷ್ಟಾದರೂ ಒಂದು ಪ್ರಶ್ನೆಯು ಉಳಿಯುತ್ತದೆ. ತೀರಕ್ಕೆ ಬರುವ ಮರಳಿನ ಮೂಲವೆಲ್ಲಿ? ಬಹುಭಾಗವು ಘಟ್ಟದ ಕಲ್ಲು ಸವೆದು ಹೊಳೆಗಳ ಮೂಲಕ ಬಂದುದು. ಮಳೆಗಾಲದಲ್ಲಿ ಹೊಂಗಡಹಳ್ಳದ ನೀರು ಕೆಂಪಾಗಿ ಮೊರೆದು ಹರಿಯುವಾಗ ಅದರ ತಳದಲ್ಲಿ ಕಲ್ಲುಗಳು ಒಂದಕ್ಕೊಂದು ತಾಗುವ ಸದ್ದು ರಾತ್ರಿಯ ಹೊತ್ತು ಕೇಳಬರುತ್ತದೆ. ಆ ಕಲ್ಲು ಹರಳಾಗಿ, ಹರಳು ಮರಳಾಗಿ, ಗುಂಡ್ಯ, ಉಪ್ಪಿನಂಗಡಿ, ಬಂಟವಾಳಗಳನ್ನು ದಾಟಿ ಅಳಿವೆಯನ್ನು ಸೇರಲು ಎಷ್ಟೋ ತಲೆಮಾರುಗಳು ಬೇಕು. ನಡುವೆ ಕಟ್ಟೆಗಳು ಅದನ್ನು ತಡೆಯುತ್ತವೆ. ಮಂಗಳೂರಿಗೆ ಕುಡಿಯುವ ನೀರೊದಗಿಸುವ ತುಂಬೆಯ ಕಿಂಡಿ ಅಣೆಕಟ್ಟು ಅವುಗಳಲ್ಲಿ ಒಂದು. ಮನೆಕಟ್ಟುವವರ ಲಾರಿಗಳು ಇನ್ನಷ್ಟನ್ನು ಹೊಳೆಯ ಪಾತ್ರದಿಂದಲೇ ಒಯ್ಯುತ್ತವೆ.

ಈಗ ಹೊಳೆಯ ತಲೆಯಲ್ಲಿಯೇ ಒಂದು ಮಾರ್ಪಾಡು ಉಂಟಾಗಿದೆ. ಎತ್ತಿನಹೊಳೆ ಯೋಜನೆಯ ಮೇರೆಗೆ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮೇಲೆ ಎಂಟು ಒಡ್ಡುಗಳನ್ನು ಕಟ್ಟಿ, ಮಳೆಗಾಲದಲ್ಲಿ ೨೪.೦೧ ಟಿ.ಎಂ.ಸಿ. ನೀರನ್ನು, ಎಂದರೆ ಸುಮಾರು ೬೮ ಕೋಟಿ ಘನಮೀಟರುಗಳನ್ನು, ಪೂರ್ವಕ್ಕೆ ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಬರದ ಸೀಮೆಗಳಿಗೆ ಕೊಂಡೊಯ್ಯಬೇಕೆಂದು ಸಂಕಲ್ಪ. ೨೦೨೪ರ ಸೆಪ್ಟೆಂಬರು ೬ರಂದು ಸಕಲೇಶಪುರದ ಸಮೀಪದಲ್ಲಿ ಇದರ ಮೊದಲನೆಯ ಹಂತಕ್ಕೆ ಚಾಲನೆಯಾಯಿತು. ಕೋಲಾರದವರ ನೀರಡಿಕೆಯನ್ನು ಅಲ್ಲಗಳೆಯುವುದು ಧರ್ಮವಲ್ಲ. ನೇತ್ರಾವತಿಯ ಒಟ್ಟು ಪ್ರವಾಹದಲ್ಲಿ ಇದು ಸಣ್ಣ ಭಾಗವೆಂಬುದೂ ನಿಜ. ಉಳ್ಳಾಲದ ಕೊರೆತವೋ ಈ ಯೋಜನೆಗಿಂತ ಬಹು ಹಿಂದಿನದು, ಅದನ್ನು ಇದರ ತಲೆಗೆ ಕಟ್ಟುವುದು ಅಪಶಾಸ್ತ್ರೀಯ. ನಮ್ಮ ಮಾತು ಬೇರೆ. ಮರಳನ್ನು ಹೊರುವ ಶಕ್ತಿಯಿರುವುದು ಮಳೆಗಾಲದ ಪ್ರವಾಹಕ್ಕೆ. ತೆಗೆಯುವುದೂ ಆ ಪ್ರವಾಹದಿಂದಲೇ. ಹೀಗಿರುವಾಗ ತೀರದ ಲೆಕ್ಕವನ್ನು ಯಾರು ಇಡಬೇಕು?

ಶಾಸನಗಳನ್ನು ಕೇಳಿದರೆ ದೊರೆಯುವ ಉತ್ತರವಿದು. ತೀರದ ಅಧಿಸೂಚನೆಯು ಹೊಳೆಯಲ್ಲಿ ಮೇಲಕ್ಕೆ ಹೋಗುವುದು, ಕಡುಬೇಸಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ ಐದು ಪಾಲು ಇರುವ ಸ್ಥಳದವರೆಗೆ ಮಾತ್ರ. ಅಲ್ಲಿ ಅದರ ಮರ್ಯಾದೆಯು ಮುಗಿಯಿತು. ಯೋಜನೆಗಳ ಪರಿಸರಪರಿಣಾಮವನ್ನು ಪರೀಕ್ಷಿಸುವ ೨೦೦೬ರ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ತಿನ ಮತ್ತು ನೀರಾವರಿಯ ಯೋಜನೆಗಳುಂಟು, ಕುಡಿಯುವ ನೀರಿನ ಯೋಜನೆಗಳು ಇಲ್ಲ. ಹೀಗೆ ಬೆಟ್ಟದ ಶಾಸನವು ತೀರವನ್ನು ನೋಡದು, ತೀರದ ಶಾಸನವು ಬೆಟ್ಟವನ್ನು ನೋಡದು. ಮರಳು ಮಾತ್ರ ಎರಡನ್ನೂ ಬಲ್ಲದು.

೭

ಮೀಮಾಂಸಾಶಾಸ್ತ್ರದಲ್ಲಿ ಅಂಗ, ಪ್ರಧಾನ ಎಂಬ ವಿವೇಕವುಂಟು. ಯಾವುದರ ಸಲುವಾಗಿ ಉಳಿದವುಗಳು ಇರುವುವೋ ಅದು ಪ್ರಧಾನ. ಅದಕ್ಕೆ ಉಪಕಾರಕವಾದುವು ಅಂಗಗಳು. ಪ್ರಧಾನವೇ ಲೋಪವಾದಲ್ಲಿ ಅಂಗಗಳ ಅನುಷ್ಠಾನವು ನಿಷ್ಫಲ. ತೀರಪ್ರವೇಶದ ವಿಷಯದಲ್ಲಿ ದಾರಿ, ಬೇಲಿಯ ಕಿಂಡಿ, ೨೦ ಮೀಟರುಗಳ ತೆರವು ಇವು ಅಂಗಗಳು; ಮರಳಿನ ದಂಡೆಯು ಪ್ರಧಾನ. ನಮ್ಮ ಶಾಸನಗಳು ಅಂಗಗಳನ್ನು ಒಂದಿಷ್ಟು ಚಿಂತಿಸಿವೆ, ಪ್ರಧಾನವನ್ನು ನಿತ್ಯಸಿದ್ಧವೆಂದು ಭಾವಿಸಿಬಿಟ್ಟಿವೆ. ಅದು ನಿತ್ಯಸಿದ್ಧವಲ್ಲವೆಂಬುದು ಉಳ್ಳಾಲದಲ್ಲಿ ಪ್ರತ್ಯಕ್ಷವಾಗಿದೆ. ಇದೇ ಈ ಲೇಖನದ ಸಿದ್ಧಾಂತ.

ಇದರಿಂದ ಮೂರು ಕಾರ್ಯಗಳು ಫಲಿಸುತ್ತವೆ. ಒಂದು, ಕಡಲಿಗೆ ಹೋಗುವ ಹಳೆಯ ದಾರಿಗಳನ್ನು ಗ್ರಾಮಗ್ರಾಮದಲ್ಲಿಯೂ ವೃದ್ಧರನ್ನೂ ಮೀನುಗಾರರನ್ನೂ ವಿಚಾರಿಸಿ, ನಕಾಶೆಯಲ್ಲಿಯೂ ‘ಬಿ’ ಖರಾಬಿನಲ್ಲಿಯೂ ಕಾಣಿಸುವುದು. ಬಲ್ಲವರು ಇನ್ನೂ ಬದುಕಿರುವಾಗಲೇ ಇದು ಆಗಬೇಕು. ಎರಡು, ತೀರವು ಹಿಂದೆ ಸರಿದರೆ ಜನರ ಹಕ್ಕೂ ದೋಣಿಯ ನೆಲೆಯೂ ಅದರೊಡನೆ ಸರಿಯುವುವೆಂದು ಸ್ಪಷ್ಟವಾಗಿ ವಿಧಿಸುವುದು, ಹಾಗೆ ಸರಿಯುವಾಗ ನೆಲವನ್ನು ಕಳೆದುಕೊಳ್ಳುವ ಬಡವನಿಗೆ ಪರಿಹಾರವನ್ನು ಕೊಡುವುದು. ಮೂರು, ಅಳಿವೆಯಿಂದ ಘಟ್ಟದ ನೆತ್ತಿಯವರೆಗೂ ಪ್ರತಿಯೊಂದು ನದಿಗೂ ಮರಳಿನ ಆಯವ್ಯಯವನ್ನು ವರ್ಷವರ್ಷವೂ ಬರೆದಿಡುವುದು. ಹೊಸ ಒಡ್ಡು, ಹೊಸ ಅಲೆತಡೆ, ಹೊಸ ಮರಳುಗುತ್ತಿಗೆ ಯಾವುದನ್ನು ಮಂಜೂರುಮಾಡಿದರೂ ಅದನ್ನು ಆ ಲೆಕ್ಕದಲ್ಲಿ ಖರ್ಚಿನ ಕಡೆಗೆ ಹಾಕಿ ನೋಡುವುದು.

ಮೂರನೆಯದಕ್ಕೆ ಅಧಿಕಾರವೆಲ್ಲಿಂದ ಬರುವುದೆಂದು ಕೇಳುವವರಿಗೆ ೬೭ನೆಯ ಪ್ರಕರಣವನ್ನೇ ತೋರಿಸಬಹುದು. ಕಡಲಿನ ತಳವನ್ನೂ ಹಳ್ಳದ ತಳವನ್ನೂ ಒಂದೇ ವಾಕ್ಯದಲ್ಲಿ ಒಬ್ಬನೇ ನಿಕ್ಷೇಪಧಾರಿಗೆ ಒಪ್ಪಿಸಿರುವ ಆ ಶಾಸನವು ಅರುವತ್ತು ವರ್ಷಗಳಿಂದ ನಮ್ಮಲ್ಲಿದೆ. ವಾಕ್ಯವೊಂದಾಗಿರುವಾಗ ಅದರ ಅರ್ಥವನ್ನು ಎರಡು ಕಚೇರಿಗಳಲ್ಲಿ ಹಂಚಿಟ್ಟು ಓದುವುದು ವಾಕ್ಯಭೇದವೆಂಬ ದೋಷ. ಶಾಸನಗಳನ್ನು ಬಲ್ಲವರೂ ಸಮುದ್ರಶಾಸ್ತ್ರಜ್ಞರೂ ಈ ಅಭಿಪ್ರಾಯವನ್ನು ಪರಾಮರ್ಶಿಸಿ, ಲೋಪವಿದ್ದರೆ ತಿದ್ದಿ ಉಪಕರಿಸಬೇಕೆಂದು ವಿಜ್ಞಾಪನೆ.